ಮೇಲುಕೋಟೆಯಲ್ಲೊಂದು ಬೆಳಗು: ವಿವಾಹಪೂರ್ವ ಫೋಟೊ ಸೇವೆಯೊಂದರ ವಿಮರ್ಶೆ

ಮದುವೆಗೆ ಮುನ್ನ ಜೋಡಿಯಾಗಿ ಫೋಟೊ ತೆಗೆಸಿಕೊಳ್ಳುವುದರಲ್ಲಿ ನನಗೆ ಅಂಥ ಉತ್ಸಾಹವೇನೂ ಇರಲಿಲ್ಲ. ಬಾಡಿಗೆ ಗೌನು, ಬಣ್ಣದ ಹೊಗೆ, ಹೃದಯದಾಕಾರದ ಬಲೂನುಗಳ ನಡುವೆ ಪರಿಚಯದವರು ಪಟ್ಟ ಪಾಡನ್ನು ಕಂಡಿದ್ದೆ. ಆದರೂ ಮನೆಯವರ ಒತ್ತಾಯಕ್ಕೆ ಮಣಿದು, ಕಳೆದ ಡಿಸೆಂಬರ್‌ನಲ್ಲಿ ಮೈಸೂರಿನ ಇಬ್ಬರೇ ಇರುವ ಪುಟ್ಟ ತಂಡವೊಂದಕ್ಕೆ ಅರ್ಧ ದಿನದ ಕೆಲಸವನ್ನು ಒಪ್ಪಿಸಿದೆವು. ಮೊತ್ತ 28,000 ರೂಪಾಯಿ, ತಿದ್ದಿ ಕೊಡುವ ಚಿತ್ರಗಳು 80, ಸ್ಥಳ ಮೇಲುಕೋಟೆ.

ಬೆಳಿಗ್ಗೆ 6 ಗಂಟೆಗೆಲ್ಲ ಕಲ್ಯಾಣಿಯ ಬಳಿ ಇರಬೇಕೆಂದು ಅವರು ಹಟ ಹಿಡಿದಾಗ ಸಿಟ್ಟು ಬಂದಿತ್ತು. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮೂಡುವುದೇ ಆರೂವರೆಯ ಸುಮಾರಿಗೆ. ಆದರೆ ಓರೆಯಾಗಿ ಬೀಳುವ ಆ ಎಳೆಬಿಸಿಲು ಮುಖದ ಒಂದು ಬದಿಯನ್ನು ಮೃದುವಾಗಿ ಬೆಳಗಿ ಕೂದಲಿನ ಅಂಚಿಗೆ ಹೊಳಪು ಕೊಡುತ್ತದೆಂಬುದೂ, ಹೊತ್ತೇರಿ ಬಿಸಿಲು ನೆತ್ತಿಯ ಮೇಲೆ ಬಂದರೆ ಕಣ್ಣಿನ ಗುಳಿಗಳಲ್ಲಿ ಕಪ್ಪು ನೆರಳು ಕೂರುತ್ತದೆಂಬುದೂ ಚಿತ್ರಗಳನ್ನು ಕಂಡ ಮೇಲೆ ಅರ್ಥವಾಯಿತು.

ಕ್ಯಾಂಡಿಡ್, ಅಂದರೆ ಪೋಸು ಕೊಡದ ಸಹಜ ಫೋಟೊ, ಎಂದರೆ ನಮಗೆ ತಿಳಿಯದಂತೆ ಕದ್ದು ತೆಗೆಯುವುದೆಂದು ನಾನು ಭಾವಿಸಿದ್ದೆ. ಇವರ ರೀತಿಯೇ ಬೇರೆ. ಹೀಗೆ ನಿಲ್ಲಿ, ಹಾಗೆ ನೋಡಿ ಎನ್ನುವ ಬದಲು ಕೈಗೋ ಬಾಯಿಗೋ ಒಂದು ಕೆಲಸ ಹಚ್ಚಿ, ತಾವು ದೂರ ಸರಿದು ಸುಮ್ಮನಾಗುತ್ತಿದ್ದರು. "ಸರ್, ನೀವು ಮೆಟ್ಟಿಲು ಎಣಿಸಿಕೊಂಡು ಇಳೀರಿ, ಲೆಕ್ಕ ತಪ್ಪಿದ್ರೆ ಮೇಡಂ ತಿದ್ದಲಿ," ಎಂದಷ್ಟೇ ಹೇಳಿ ಕಲ್ಯಾಣಿಯ ಇನ್ನೊಂದು ಮೂಲೆಗೆ ಹೋದರು. ದೂರದ್ದನ್ನು ಹತ್ತಿರಕ್ಕೆ ತರುವ 70–200 ಮಿ.ಮೀ. ಜೂಮ್ ಲೆನ್ಸನ್ನು ಪೂರ್ತಿ 200ಕ್ಕೆ ಎಳೆದು ಇಬ್ಬರನ್ನೂ ನೆತ್ತಿಯಿಂದ ಪಾದದವರೆಗೆ ಅಡ್ಡ ಚೌಕಟ್ಟಿನಲ್ಲಿ ಹಿಡಿಯಬೇಕಾದರೆ ಹದಿನೆಂಟು ಇಪ್ಪತ್ತು ಮೀಟರ್ ಹಿಂದೆ ನಿಲ್ಲಲೇಬೇಕು. ಅಷ್ಟು ದೂರದಲ್ಲಿರುವ ಮನುಷ್ಯನನ್ನು ಹತ್ತು ನಿಮಿಷದಲ್ಲಿ ಮರೆತೇಬಿಡುತ್ತೇವೆ. ನಾನು ಮೂವತ್ತರ ಆಸುಪಾಸಿನಲ್ಲಿ ಲೆಕ್ಕ ತಪ್ಪಿದೆ. ಅವಳು ತಿದ್ದಲಿಲ್ಲ, ನಕ್ಕಳು.

ಅಂದಿನ ಅತ್ಯುತ್ತಮ ಚಿತ್ರಕ್ಕೆ ಮಾತ್ರ ಯಾವ ಸೂಚನೆಯೂ ಇರಲಿಲ್ಲ. ರಾಯಗೋಪುರದ ಕಡೆಗೆ ಕುರುಚಲಿನ ನಡುವೆ ಹತ್ತಿ ಬಂದಾಗ ನನ್ನ ಪಂಚೆಯ ಅಂಚಿಗೆ ಉತ್ತರಾಣಿಯ ಬೀಜಗಳು ಸಾಲಾಗಿ ಅಂಟಿಕೊಂಡಿದ್ದವು. ಇಸ್ತ್ರಿ ಮಾಡಿಸಿದ ಪಂಚೆಗೆ ಈ ಗತಿಯೇ ಎಂದು ಗೊಣಗುತ್ತಾ ಅವಳು ಮಂಡಿಯೂರಿ ಒಂದೊಂದನ್ನೇ ಕೀಳತೊಡಗಿದಳು. ನಾನು ಏನು ಮಾಡಬೇಕೆಂದು ತೋಚದೆ ಅವಳ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಹಿಂದೆ ಆ ಅಪೂರ್ಣ ಗೋಪುರದ ನೀಳ ಕಂಬಗಳು. ಕ್ಯಾಮೆರಾ ಕಿಟಕಿಟ ಎಂದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಇಷ್ಟು ಚೆನ್ನಾಗಿ ತೆಗೆದವರು ತಿದ್ದುವಾಗ ಕೈ ಬಿಗಿಹಿಡಿಯಬೇಕಿತ್ತು. ಮೊದಲು ಬಂದ ಕಂತಿನಲ್ಲಿ ಮೇಲುಕೋಟೆಯ ಬೂದು ಕಲ್ಲು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು, ಕಲ್ಯಾಣಿಯ ನೀರು ಈಜುಕೊಳದ ನೀಲಿಯಾಗಿತ್ತು. ಅವಳ ಗಲ್ಲದ ಮೇಲಿನ ಮಚ್ಚೆಯಂತೂ ಮಾಯ! ಮದುಮಗಳ ಮಚ್ಚೆ ಅಳಿಸಲು ಇವರಿಗೆ ಹೇಳಿದವರು ಯಾರು? ದೂರಿದ ಮೇಲೆ ಹೆಚ್ಚಿನ ಹಣ ಕೇಳದೆ ಎಲ್ಲವನ್ನೂ ಮತ್ತೆ ಮಾಡಿಕೊಟ್ಟರೆಂಬುದು ನಿಜ. ಆದರೆ ಮೂರು ವಾರವೆಂದು ಹೇಳಿದ್ದು ಏಳು ವಾರವಾಗಿ, ಆಮಂತ್ರಣ ಪತ್ರಿಕೆಗೆ ನಮ್ಮ ಮೊಬೈಲಿನ ಚಿತ್ರವನ್ನೇ ಬಳಸಬೇಕಾಯಿತು. ಸಹಾಯಕನ ಡ್ರೋನ್ ಹುಚ್ಚೂ ಬೇಡವಾಗಿತ್ತು. ಅದರ ಗುಂಯ್‌ಗುಟ್ಟುವಿಕೆಗೆ ಮಂಟಪದ ಕೋತಿಗಳ ಜೊತೆ ನಾವೂ ಬೆದರಿದೆವು. ಆ ಇಪ್ಪತ್ತು ನಿಮಿಷಗಳ ಚಿತ್ರಗಳಲ್ಲಿ ನಮ್ಮಿಬ್ಬರ ಮುಖವೂ ಪಾಸ್‌ಪೋರ್ಟ್ ಫೋಟೊದಂತಿದೆ.

ಹೊರಾಂಗಣದಲ್ಲಿ ಸಂಕೋಚಪಡುವ ಜೋಡಿಗಳಿಗೆ ಈ ತಂಡವನ್ನು ನಾನು ಧೈರ್ಯವಾಗಿ ಸೂಚಿಸುತ್ತೇನೆ. ಡ್ರೋನ್ ಬೇಡವೆಂದು ಮೊದಲೇ ಹೇಳಿ, ಚರ್ಮವನ್ನೂ ಕಲ್ಲನ್ನೂ ಇದ್ದ ಬಣ್ಣದಲ್ಲೇ ಬಿಡಬೇಕೆಂದು, ಕೊಡುವ ದಿನಾಂಕದೊಂದಿಗೆ, ಒಪ್ಪಂದದಲ್ಲಿ ಬರೆಸಿಕೊಳ್ಳಿ. ನಮ್ಮ ನಡುಮನೆಯಲ್ಲಿ ತೂಗುಹಾಕಲು ಅತ್ತೆಯವರು ಆರಿಸಿದ್ದು ಉತ್ತರಾಣಿ ಕೀಳುತ್ತಿರುವ ಚಿತ್ರವನ್ನು. ಅದರಲ್ಲಿ ಇಬ್ಬರ ಮುಖವೂ ಸರಿಯಾಗಿ ಕಾಣಿಸುವುದಿಲ್ಲ.