ಕಾಲಿನ ಮಾತು ಕೇಳುವ ಸೈಕಲ್: ಟಾರ್ಕ್ ಸೆನ್ಸರ್ ಇರುವ ಎಲೆಕ್ಟ್ರಿಕ್ ಸೈಕಲ್, ಎಂಟು ತಿಂಗಳು ತುಳಿದ ಮೇಲೆ

ಎಲೆಕ್ಟ್ರಿಕ್ ಸೈಕಲ್ ಕೊಳ್ಳಲು ಹೋದವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಬರುತ್ತದೆ, ಎಷ್ಟು ಸ್ಪೀಡ್ ಹೋಗುತ್ತದೆ. ಮೊದಲ ಸಲ ನಾನೂ ಅದನ್ನೇ ಕೇಳಿದ್ದೆ. ಎರಡು ಸೈಕಲ್ ಕೊಂಡು, ಎರಡನ್ನೂ ಮೈಸೂರಿನ ರಸ್ತೆಗಳಲ್ಲಿ ದಿನಾ ಓಡಿಸಿದ ಮೇಲೆ ಈಗ ನನ್ನ ಮೊದಲ ಪ್ರಶ್ನೆ ಬೇರೆ. ನನ್ನ ಕಾಲಿಗೆ ಏನು ಬೇಕು ಅಂತ ಈ ಮೋಟಾರಿಗೆ ಹೇಗೆ ಗೊತ್ತಾಗುತ್ತದೆ?

ಬ್ರ್ಯಾಂಡ್ ಹೆಸರು ಬರೆಯುತ್ತಿಲ್ಲ. ನಾನು ಹೇಳಲು ಹೊರಟಿರುವುದು ಒಳಗಿರುವ ಸೆನ್ಸರ್ ಬಗ್ಗೆ. ಅದು ಯಾವ ಕಂಪನಿಯ ಸೈಕಲ್‌ನಲ್ಲಿದ್ದರೂ ಹೆಚ್ಚುಕಡಿಮೆ ಹೀಗೇ ನಡೆದುಕೊಳ್ಳುತ್ತದೆ.

ನನ್ನ ಹಳೆಯ ಸೈಕಲ್‌ನಲ್ಲಿ ಇರುವುದು ಕೇಡೆನ್ಸ್ ಸೆನ್ಸರ್. ನಮ್ಮಲ್ಲಿ ಕಮ್ಮಿ ಬೆಲೆಗೆ ಸಿಗುವ ಎಲೆಕ್ಟ್ರಿಕ್ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಪೆಡಲ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಅದರ ಸುತ್ತ ಪುಟ್ಟ ಅಯಸ್ಕಾಂತಗಳು. ಕೆಲವದರಲ್ಲಿ 8, ಕೆಲವದರಲ್ಲಿ 12. ಪೆಡಲ್ ತಿರುಗಿದ ಹಾಗೆ ಒಂದೊಂದೇ ಅಯಸ್ಕಾಂತ ಸೆನ್ಸರ್ ಮುಂದೆ ಹಾದುಹೋಗುತ್ತದೆ. ಇದರಿಂದ ಮೋಟಾರಿಗೆ ತಿಳಿಯುವುದು ಪೆಡಲ್ ತಿರುಗುತ್ತಿದೆ, ಇಷ್ಟು ಬೇಗ ತಿರುಗುತ್ತಿದೆ ಅಂತ ಅಷ್ಟೇ. ನಾನು ಉಸಿರು ಬಿಗಿಹಿಡಿದು ದಿಬ್ಬ ಹತ್ತುತ್ತಿದ್ದೇನೋ, ಕುಕ್ಕರಹಳ್ಳಿ ಕೆರೆ ಪಕ್ಕ ಸುಮ್ನೆ ಗಾಳಿಗೆ ಕಾಲಾಡಿಸಿಕೊಂಡು ಹೋಗುತ್ತಿದ್ದೇನೋ, ಅದಕ್ಕೆ ಗೊತ್ತಿಲ್ಲ.

ಇದರ ತೊಂದರೆ ಎರಡು ಕಡೆ ಗೊತ್ತಾಗುತ್ತದೆ, ಹೊರಡುವಾಗ ಮತ್ತು ನಿಲ್ಲುವಾಗ. ದಿಬ್ಬದಲ್ಲಿ ನಿಂತು ಬರೀ ಪೆಡಲ್ ತುಳಿದು ಮತ್ತೆ ಹೊರಡಬೇಕಾದರೆ ಮೊದಲ ಅರ್ಧ ಸುತ್ತು ಪೂರ್ತಿ ನಮ್ಮದೇ ಬಲ. ಬ್ಯಾಟರಿ, ಮೋಟಾರು ಎಲ್ಲ ಸೇರಿ ಭಾರವಾಗಿರುವ ಸೈಕಲ್ ಅದು, ಸಹಾಯ ಎಲ್ಲಕ್ಕಿಂತ ಜಾಸ್ತಿ ಬೇಕಾದ ಗಳಿಗೆಯಲ್ಲೇ ಮೋಟಾರು ಇನ್ನೂ ಎಚ್ಚರವಾಗಿರುವುದಿಲ್ಲ. ಕಾಲು ಸೋತು ಇನ್ನೇನು ಇಳಿಯಬೇಕು ಅನ್ನುವಷ್ಟರಲ್ಲಿ ಧಡಕ್ಕನೆ ತಳ್ಳುತ್ತದೆ. ನಿಲ್ಲುವಾಗ ಇದರ ಉಲ್ಟಾ. ತುಳಿಯುವುದನ್ನು ಬಿಟ್ಟರೂ ಒಂದು ಕ್ಷಣ ಎಳೆಯುತ್ತಲೇ ಇರುತ್ತದೆ. ಅದಕ್ಕೇ ಬ್ರೇಕ್ ಹಿಡಿದ ಕೂಡಲೇ ಮೋಟಾರು ಬಂದ್ ಆಗುವ ಸ್ವಿಚ್ ಕೊಟ್ಟಿರುತ್ತಾರೆ. ನನ್ನ ಸೈಕಲ್‌ನಲ್ಲಿ ಒಂದು ಮಳೆಗಾಲ ಆ ಸ್ವಿಚ್ ಕೆಟ್ಟಿತ್ತು. ಮನೆ ಹತ್ತಿರದ ತಿರುವಿನಲ್ಲಿ ಶಾಲೆ ಬಿಟ್ಟ ಮಕ್ಕಳ ಗುಂಪು ಕಂಡು ಕಾಲು ನಿಲ್ಲಿಸಿದೆ, ಬ್ರೇಕ್ ಹಿಡಿದೆ, ಆದರೂ ಸೈಕಲ್ ಮುಂದಕ್ಕೆ ನೂಕಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನ ನನಗೆ ನಿಜವಾಗಿ ಭಯವಾಯಿತು. ನನ್ನ ಮೈಯೆಲ್ಲ ನಿಲ್ಲು ಅನ್ನುತ್ತಿತ್ತು, ಅದನ್ನು ಕೇಳಿಸಿಕೊಳ್ಳುವ ಕಿವಿಯೇ ಆ ಸೈಕಲ್‌ಗೆ ಇರಲಿಲ್ಲ.

ಎಂಟು ತಿಂಗಳ ಹಿಂದೆ ಟಾರ್ಕ್ ಸೆನ್ಸರ್ ಇರುವುದನ್ನು ತಗೊಂಡೆ. ಹಳೆಯದಕ್ಕಿಂತ ಮೂವತ್ತು ಸಾವಿರ ಜಾಸ್ತಿ ಆಯಿತು, ಸಣ್ಣ ಮೊತ್ತ ಅಲ್ಲ.

ಇದರಲ್ಲಿ ಎರಡು ಪೆಡಲ್‌ಗಳ ನಡುವಿನ ಆಕ್ಸಲ್ ಮೇಲೆ ಸ್ಟ್ರೇನ್ ಗೇಜ್ ಕೂರಿಸಿರುತ್ತಾರೆ. ನಾವು ತುಳಿದಾಗ ಆ ಉಕ್ಕು ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುತ್ತದೆ, ಅದನ್ನೇ ಇದು ಅಳೆಯುತ್ತದೆ. ಅಂದರೆ ಕಾಲು ಆಡಿದ್ದನ್ನು ಮಾತ್ರ ನೋಡುವುದಿಲ್ಲ, ಕಾಲು ಎಷ್ಟು ಒತ್ತಿತು ಅನ್ನುವುದನ್ನೂ ನೋಡುತ್ತದೆ. ಒತ್ತಡದ ಜೊತೆ ಪೆಡಲ್ ವೇಗ, ಚಕ್ರದ ವೇಗ ಸೇರಿಸಿ ಮೋಟಾರು ಎಷ್ಟು ಬಲ ಕೊಡಬೇಕು ಅಂತ ಲೆಕ್ಕ ಹಾಕುತ್ತದೆ. ಈ ಲೆಕ್ಕ ಒಂದು ಸೆಕೆಂಡಿಗೆ 1000ಕ್ಕೂ ಹೆಚ್ಚು ಸಲ ನಡೆಯುತ್ತದೆ ಅಂತ ಬಾಷ್ ತನ್ನ ಸೈಕಲ್ ಮೋಟಾರುಗಳ ಬಗ್ಗೆ ಹೇಳುತ್ತದೆ. ಹೊಸ ಉಪಾಯವೇನಲ್ಲ. ಜಪಾನಿನಲ್ಲಿ ಯಮಹಾ ಕಂಪನಿ 1993ರಲ್ಲೇ ಪಾಸ್ ಅನ್ನುವ ಸೈಕಲ್ ತಂದಿತ್ತು, ಅದೂ ಕಾಲಿನ ಒತ್ತಡ ನೋಡಿಯೇ ಬಲ ಕೊಡುತ್ತಿತ್ತು. ಈಗಂತೂ ಅಲ್ಲಿಯ ಕಾನೂನೇ ಹಾಗಿದೆ. ಗಂಟೆಗೆ 10 ಕಿಲೋಮೀಟರ್ ತನಕ ಮೋಟಾರು ನಿಮ್ಮ ಬಲದ ಎರಡರಷ್ಟು ಮಾತ್ರ ಕೊಡಬಹುದು, ಆಮೇಲೆ ಕಮ್ಮಿಯಾಗುತ್ತಾ ಹೋಗಿ 24ಕ್ಕೆ ಸೊನ್ನೆ ಆಗಬೇಕು. ನಮ್ಮ ದೇಶದಲ್ಲಿ ನೋಡುವುದು ಮೋಟಾರಿನ ಶಕ್ತಿ ಮತ್ತು ಸ್ಪೀಡ್. 250 ವಾಟ್ ಒಳಗೆ, 25 ಕಿಲೋಮೀಟರ್ ವೇಗದ ಒಳಗೆ ಇದ್ದರೆ ರಿಜಿಸ್ಟ್ರೇಷನ್ ಬೇಡ.

ತುಳಿದಾಗ ಹೇಗನ್ನಿಸುತ್ತದೆ ಅಂತ ಹೇಳಬೇಕಲ್ವಾ. ಮೊದಲ ಭಾನುವಾರವೇ ಚಾಮುಂಡಿ ಬೆಟ್ಟಕ್ಕೆ ಹೋದೆ. ಮೋಟಾರು ಇದೆ ಅನ್ನುವುದೇ ಮರೆತುಹೋಗುತ್ತದೆ. ಕಾಲು ಇಟ್ಟು ಒತ್ತಿದ ಕ್ಷಣವೇ ಬಲ ಬರುತ್ತದೆ, ಒತ್ತಡ ಸಡಿಲಿಸಿದರೆ ಅದೂ ಸಡಿಲಿಸುತ್ತದೆ. ಕಡಿದಾದ ತಿರುವಿನಲ್ಲಿ ಸೀಟಿನಿಂದ ಎದ್ದು ತುಳಿದರೆ, ಇವಳಿಗೆ ಈಗ ಜಾಸ್ತಿ ಬೇಕು ಅಂತ ತಾನೇ ತಿಳಿದುಕೊಂಡ ಹಾಗೆ ಕೊಡುತ್ತದೆ. ಗೇರ್ ಬದಲಿಸುವಾಗ ಒಂದು ಚೂರು ಮೆತ್ತಗೆ ತುಳಿದರೆ ಸಾಕು, ಚೈನು ಕಟಕ್ ಅನ್ನುವುದಿಲ್ಲ. ಇಳಿದು ತಳ್ಳಿಕೊಂಡು ಹೋಗುತ್ತಿದ್ದ ಕಡೆಯಲ್ಲೆಲ್ಲ ನಿಲ್ಲಿಸಿ, ಮತ್ತೆ ಹೊರಟು ನೋಡಿದೆ. ಎಲ್ಲೂ ಒದ್ದಾಡಲಿಲ್ಲ. ಮೇಲೆ ಹೋಗಿ ಎಳನೀರು ಕುಡಿಯುವಾಗ ಕಾಲು ನೋಯುತ್ತಿತ್ತು, ಆದರೆ ಅದು ಒಳ್ಳೆ ನೋವು, ನಾನೇ ಹತ್ತಿದ್ದೇನೆ ಅನ್ನುವ ನೋವು.

ಅಭ್ಯಾಸ ಮಾಡಿಕೊಳ್ಳಬೇಕಾದದ್ದೂ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಪೆಡಲ್ ಮೇಲೆ ಕಾಲು ಊರಿಕೊಂಡಿರುವುದು ನನ್ನ ಹಳೇ ಚಾಳಿ. ನನಗದು ವಿಶ್ರಾಂತಿ, ಸೈಕಲ್‌ಗೆ ಅದೇ ಹೊರಡೋಣ ಅನ್ನುವ ಸೂಚನೆ. ಎರಡು ಸಲ ಮುಂದಿನ ಆಟೋಗೆ ತಾಗುವುದರಲ್ಲಿದ್ದೆ. ಈಗ ಬ್ರೇಕ್ ಹಿಡಿದೇ ನಿಲ್ಲುತ್ತೇನೆ. ಇನ್ನೊಂದು, ಸ್ವಿಚ್ ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಡಬಾರದು. ಆ ಗಳಿಗೆಯಲ್ಲಿ ಇರುವ ಒತ್ತಡವನ್ನೇ ಅದು ಸೊನ್ನೆ ಅಂತ ಗುರುತು ಮಾಡಿಕೊಳ್ಳುತ್ತದೆ, ಆಮೇಲೆ ದಾರಿಯುದ್ದಕ್ಕೂ ನಮ್ಮ ಬಲವನ್ನು ಕಮ್ಮಿ ಅಂತಲೇ ಓದುತ್ತದೆ. ಮೊದಲ ವಾರ ನನಗಿದು ಗೊತ್ತಿರಲಿಲ್ಲ. ಮೋಟಾರು ವೀಕ್ ಇದೆ ಅಂತ ಅಂಗಡಿಗೆ ಹೋದೆ. ಅಲ್ಲಿಯ ಹುಡುಗ ಆಫ್ ಮಾಡಿ, ಕಾಲು ತೆಗೆಸಿ, ಮತ್ತೆ ಆನ್ ಮಾಡಿ ಕೊಟ್ಟ. ಅಷ್ಟೇ.

ಇಷ್ಟೆಲ್ಲ ಹೊಗಳಿದ ಮೇಲೆ ಅಪ್ಪನ ವಿಷಯ ಹೇಳಲೇಬೇಕು. ಅವರಿಗೆ ಅರವತ್ತೆಂಟು, ಬಲಗಾಲಿನ ಮಂಡಿ ನೋವು. ದಿನಾ ಬೆಳಿಗ್ಗೆ ಹಾಲು, ಪೇಪರ್, ಆಮೇಲೆ ಸ್ನೇಹಿತರ ಜೊತೆ ಒಂದು ಕಾಫಿ, ಇಷ್ಟಕ್ಕೆ ಅವರಿಗೆ ಸೈಕಲ್ ಬೇಕು. ನನ್ನ ಹೊಸದನ್ನೇ ಕೊಟ್ಟೆ. ಇಷ್ಟು ಒಳ್ಳೆಯದು ಅವರಿಗೂ ಸಿಗಲಿ ಅಂತ. ಎರಡು ರಸ್ತೆ ಹೋಗಿ ವಾಪಸ್ ಬಂದರು.

"ಇದು ನಂಗೆ ಭಾರ ಅನ್ಸುತ್ತಮ್ಮಾ. ಹಳೇದೇ ಇರಲಿ."

ನನಗೆ ಅರ್ಥವಾಗಲಿಲ್ಲ. ಆಮೇಲೆ ಅವರು ತುಳಿಯುವುದನ್ನು ನಿಂತು ನೋಡಿದೆ. ನೋವಿಗೆ ಹೆದರಿ ಬಲಗಾಲನ್ನು ಹೂವಿಟ್ಟ ಹಾಗೆ ಇಡುತ್ತಾರೆ. ಸೆನ್ಸರ್ ಅದನ್ನು ಓದುವುದು ಹೇಗೆ? ಮೆಲ್ಲಗೆ ಒತ್ತಿದ್ದಾರೆ, ಮೆಲ್ಲಗೆ ಹೋಗಬೇಕು ಅಂತಿದ್ದಾರೆ, ಕಮ್ಮಿ ಬಲ ಕೊಡೋಣ. ಅವರಿಗೆ ಬೇಕಿದ್ದದ್ದು ಪೂರ್ತಿ ಬಲ, ಅದಕ್ಕೇ ಮೆಲ್ಲಗೆ ಒತ್ತಿದ್ದು. ಟಾರ್ಕ್ ಸೆನ್ಸರ್ ನಮ್ಮ ಬಲವನ್ನು ಇಷ್ಟು ಪಟ್ಟು ಮಾಡಿ ಕೊಡುತ್ತದೆ, ನಾವು ಕೊಡುವುದೇ ಕಮ್ಮಿ ಆದರೆ ಬರುವುದೂ ಕಮ್ಮಿ. ಅಸಿಸ್ಟ್ ಅನ್ನು, ಅಂದರೆ ಮೋಟಾರು ಕೊಡುವ ಸಹಾಯದ ಮಟ್ಟವನ್ನು, ಎಲ್ಲಕ್ಕಿಂತ ಮೇಲಿಟ್ಟರೆ ಸ್ವಲ್ಪ ಸರಿಹೋಯಿತು, ಆದರೂ ಎಡಗಾಲು ಒತ್ತಿದಾಗ ಒಂದು ಥರ, ಬಲಗಾಲಿಗೆ ಇನ್ನೊಂದು ಥರ ಎಳೆಯುತ್ತಿತ್ತು. ಕೆಲವು ಸೆನ್ಸರ್‌ಗಳು ಒಂದೇ ಕಾಲಿನ ಒತ್ತಡ ಅಳೆಯುವಂಥವು, ಒಂದು ಕಾಲಿಗೆ ಬಲ ಕಮ್ಮಿ ಇರುವವರು ಇದನ್ನು ಕೇಳಿಯೇ ಕೊಳ್ಳಬೇಕು.

ಹಾಗಾಗಿ ನಾನು ಬೈದ ಹಳೆಯ ಸೈಕಲ್ ಈಗ ಅಪ್ಪನದು. ಬ್ರೇಕಿನ ಸ್ವಿಚ್ ಹೊಸದು ಹಾಕಿಸಿ, ಅಸಿಸ್ಟ್ ಒಂದರಲ್ಲಿಟ್ಟು ಕೊಟ್ಟಿದ್ದೇನೆ. ಕಾಲು ಸುಮ್ನೆ ತಿರುಗಿಸಿದರೆ ಸಾಕು, ಅದು ಹೊರಟುಬಿಡುತ್ತದೆ. ಹೊರಡುವಾಗ ಥ್ರಾಟಲ್, ಅಂದರೆ ತುಳಿಯದೆಯೇ ಮೋಟಾರು ಓಡಿಸುವ ಹ್ಯಾಂಡಲ್ ಹಿಡಿ, ತಿರುಗಿಸಿಕೊಳ್ಳುತ್ತಾರೆ. ಅವರು ಹೋಗುವುದೂ ಸಮತಟ್ಟು ರಸ್ತೆಯಲ್ಲೇ.

ಮಂಡಿ ಗಟ್ಟಿ ಇದ್ದು, ದಿಬ್ಬ, ಸಿಗ್ನಲ್, ಜನ ಇರುವ ದಾರಿಯಲ್ಲಿ ದಿನಾ ಹೋಗುವವರಾದರೆ ಟಾರ್ಕ್ ಸೆನ್ಸರ್‌ಗೆ ಕೊಟ್ಟ ದುಡ್ಡು ಎಲ್ಲೂ ಹೋಗುವುದಿಲ್ಲ, ಕಣ್ಣು ಮುಚ್ಚಿ ಹೇಳುತ್ತೇನೆ. ಆದರೆ ಅಂಗಡಿ ಮುಂದೆ ಎರಡು ಸುತ್ತು ಹೊಡೆದು ಹಣ ಕಟ್ಟಬೇಡಿ. ಹತ್ತಿರದ ಒಂದು ದಿಬ್ಬಕ್ಕೆ ಹೋಗಿ ಅರ್ಧದಲ್ಲಿ ನಿಂತು ಮತ್ತೆ ಹೊರಡಿ. ಓಡುವಾಗ ತಟ್ಟನೆ ಕಾಲು ನಿಲ್ಲಿಸಿ, ಮೋಟಾರು ಎಷ್ಟು ಹೊತ್ತಿಗೆ ನಿಲ್ಲುತ್ತದೆ ನೋಡಿ. ಮನೆಯಲ್ಲಿ ಯಾರು ಓಡಿಸುತ್ತಾರೋ ಅವರನ್ನೇ ಕರೆದುಕೊಂಡು ಹೋಗಿ ಓಡಿಸಿ.