ಲಿಫ್ಟ್ ಇಲ್ಲದ ದಾಂಚಿಯೋ, ಲಿಫ್ಟ್ ಇರುವ ಮ್ಯಾನ್‌ಶನ್ನೋ? ಟೋಕಿಯೊ ಹೊರವಲಯದಲ್ಲಿ ಎರಡನ್ನೂ ಕೊಂಡು ನೋಡಿದೆ

ಬಾಡಿಗೆಗೆ ಕೊಡಲೆಂದೇ ನಾನು ಎರಡು ಹಳೇ ಫ್ಲಾಟ್ ಕೊಂಡಿದ್ದೇನೆ. ಮೊದಲನೆಯದು ತಾಮಾ ನ್ಯೂಟೌನ್‌ನ ನಾಗಾಯಾಮಾದಲ್ಲಿ, 2019ರಲ್ಲಿ, 52 ಲಕ್ಷ ಯೆನ್‌ಗೆ. ಐದನೇ ಮಹಡಿ, ಲಿಫ್ಟ್ ಇಲ್ಲ. ಎರಡನೆಯದು ಚಿಬಾ ಪ್ರಾಂತ್ಯದ ಕಾಶಿವಾದಲ್ಲಿ, 2021ರಲ್ಲಿ, 98 ಲಕ್ಷಕ್ಕೆ. 1988ರ ಮ್ಯಾನ್‌ಶನ್ (ಜಪಾನಿನಲ್ಲಿ ಹಾಗಂದರೆ ಬಂಗಲೆಯಲ್ಲ, ಕಾಂಕ್ರೀಟ್ ಅಪಾರ್ಟ್‌ಮೆಂಟ್), ಲಿಫ್ಟ್ ಇದೆ, ಸ್ಟೇಷನ್‌ನಿಂದ 9 ನಿಮಿಷದ ನಡಿಗೆ.

ನಾಗಾಯಾಮಾದ್ದು ದಾಂಚಿ. 1970ರ ದಶಕದಲ್ಲಿ ಸರ್ಕಾರಿ ವಸತಿ ನಿಗಮ ಸಾಲುಸಾಲಾಗಿ ಕಟ್ಟಿ ಮಾರಿದ ಐದು ಮಹಡಿಯ ಬ್ಲಾಕು. ಭೂಕಂಪದ ಹೊಸ ನಿಯಮ ಬಂದದ್ದು 1981ರ ಜೂನ್ 1ರಂದು, ಹಾಗಾಗಿ ಇದು ಹಳೇ ನಿಯಮದ ಕಟ್ಟಡ. ಆದರೆ ಇಲ್ಲಿ ಭಾರ ಹೊರುವುದು ಕಂಬಗಳಲ್ಲ, ಕಾಂಕ್ರೀಟ್ ಗೋಡೆಗಳು. 1995ರ ಕೋಬೆ ಭೂಕಂಪದಲ್ಲಿ ಈ ಬಗೆಯ ಕಟ್ಟಡಗಳು ಚೆನ್ನಾಗಿ ತಡೆದುಕೊಂಡವು. ಆ ಧೈರ್ಯದ ಮೇಲೆ ಕೊಂಡೆ. ಗೋಡೆ ಒಡೆದು ಹಾಲ್ ದೊಡ್ಡದು ಮಾಡುವ ಆಸೆ ಮಾತ್ರ ಬಿಡಬೇಕಾಯಿತು.

ಒಳಗೆ ಹೋದರೆ ಐವತ್ತು ವರ್ಷ ಹಿಂದಕ್ಕೆ ಹೋದ ಹಾಗೆ. ಬಚ್ಚಲಲ್ಲಿ ತೊಟ್ಟಿಗೆ ಅಂಟಿಕೊಂಡೇ ಒಂದು ಗ್ಯಾಸ್ ಪೆಟ್ಟಿಗೆ. ಅದರ ಗುಂಡಿ ತಿರುಗಿಸಿ, ಟಿಕ್ ಟಿಕ್ ಅಂತ ಕಿಡಿ ಹಾರಿಸಿ ನೀರು ಕಾಯಿಸಬೇಕು. ವಾಷಿಂಗ್ ಮೆಷಿನ್ ಇಡಲು ಜಾಗವೇ ಇರಲಿಲ್ಲ. ಅಡುಗೆಮನೆ ನಲ್ಲಿ ತಿರುಗಿಸಿದರೆ ಮೊದಲ ಲೋಟದ ನೀರು ತೆಳು ಚಹಾದ ಬಣ್ಣ. ಪೈಪಿನ ತುಕ್ಕು! ಬಚ್ಚಲು, ಪೈಪು ಸೇರಿ 14 ಲಕ್ಷ ಯೆನ್ ಖರ್ಚಾಯಿತು. ಕಾಶಿವಾದಲ್ಲಿ ಗೋಡೆ ಕಾಗದ ಬದಲಿಸಿದ್ದು ಬಿಟ್ಟರೆ ಕೆಲಸವೇ ಇರಲಿಲ್ಲ.

ಬಾಡಿಗೆದಾರರು ಸಿಗುವುದರಲ್ಲೂ ಕಾಶಿವಾದ್ದೇ ಮುಂದೆ. ಮೂರು ವಾರದಲ್ಲಿ 78,000 ಯೆನ್‌ಗೆ ಹೋಯಿತು. ದಾಂಚಿ ಐದು ತಿಂಗಳು ಖಾಲಿ ಬಿದ್ದಿತ್ತು. ನೋಡಲು ಬಂದ ವಯಸ್ಸಾದ ದಂಪತಿ ಮೂರನೇ ಮಹಡಿಯ ಮೆಟ್ಟಿಲಲ್ಲೇ ನಿಂತರು, ಮೇಲೆ ಹತ್ತಲಿಲ್ಲ. ನನಗೆ ಅಲ್ಲೇ ಗೊತ್ತಾಯಿತು. ಕೊನೆಗೆ ಹೊಸದಾಗಿ ಮದುವೆಯಾದ ಜೋಡಿ 55,000ಕ್ಕೆ ಬಂದರು.

ಅಲ್ಲಿಗೆ ಕಾಶಿವಾ ಗೆದ್ದಿತು ಅಂದುಕೊಂಡಿದ್ದೆ. ಕೈಗೆ ಉಳಿಯುವ ದುಡ್ಡು ಬೇರೆಯೇ ಹೇಳಿತು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಮೇಂಟೆನೆನ್ಸ್, ಕಾರ್ಪಸ್ ಫಂಡ್ ಇರುತ್ತದಲ್ವಾ, ಇಲ್ಲೂ ಹಾಗೆಯೇ. ನಿರ್ವಹಣೆಗೆ ಕಾನ್ರಿಹಿ, ದೊಡ್ಡ ರಿಪೇರಿಗೆ ಶೂಜೆನ್ ತ್ಸುಮಿತಾತೆಕಿನ್, ಎರಡನ್ನೂ ತಿಂಗಳು ತಿಂಗಳು ಮಾಲೀಕರೇ ಕಟ್ಟಬೇಕು. ದಾಂಚಿಯಲ್ಲಿ ಎರಡೂ ಸೇರಿ 13,000. ಮನೆಗಳು ಜಾಸ್ತಿ, ಲಿಫ್ಟ್ ಇಲ್ಲ, ನಿಧಿ ತುಂಬಿದೆ. ಕಾಶಿವಾದಲ್ಲಿ ಕೊಂಡಾಗ 25,000. ಅಲ್ಲಿ ಕಾರುಗಳನ್ನು ಕಬ್ಬಿಣದ ತಟ್ಟೆಯಲ್ಲಿ ಮೇಲೆ ಕೆಳಗೆ ಮಾಡುವ ಯಂತ್ರದ ಪಾರ್ಕಿಂಗ್ ಇದೆ. ನಿವಾಸಿಗಳಿಗೆ ವಯಸ್ಸಾಗಿ, ಕಾರು ಮಾರಿ, ಅರ್ಧ ತಟ್ಟೆಗಳು ಖಾಲಿ. ಪಾರ್ಕಿಂಗ್ ಬಾಡಿಗೆ ಬರುವುದು ನಿಂತಿತು, ಯಂತ್ರದ ಖರ್ಚು ನಿಲ್ಲಲಿಲ್ಲ. ಎರಡನೇ ವರ್ಷ ರಿಪೇರಿ ನಿಧಿ ತಿಂಗಳಿಗೆ 8,000 ಏರಿತು.

ಈಗ ಆಸ್ತಿ ತೆರಿಗೆಗೆ ಮೊದಲು ದಾಂಚಿಯಿಂದ ತಿಂಗಳಿಗೆ 42,000, ಕಾಶಿವಾದಿಂದ 45,000. ಹಾಕಿದ್ದು ಒಂದಕ್ಕೆ ರಿಪೇರಿ ಸೇರಿ 66 ಲಕ್ಷ, ಇನ್ನೊಂದಕ್ಕೆ 98 ಲಕ್ಷ.

ಮಾರುವಾಗ ಮಾತ್ರ ಕಾಶಿವಾದ್ದೇ ಸುಲಭ, ಕೊಳ್ಳುವವರಿಗೆ ಬ್ಯಾಂಕ್ ಸಾಲ ಸಿಗುತ್ತದೆ. ಐದು ವರ್ಷದೊಳಗೆ ಮಾರಿದರೆ ಲಾಭದ ಮೇಲೆ ತೆರಿಗೆ 39.63%, ಆಮೇಲೆ 20.315%. ಆ ಐದು ವರ್ಷವನ್ನೂ ಮಾರುವ ವರ್ಷದ ಜನವರಿ 1ಕ್ಕೆ ಎಣಿಸುತ್ತಾರೆ, ನೆನಪಿರಲಿ.

ನನ್ನನ್ನು ಕೇಳಿದರೆ ದಾಂಚಿಯೇ ಸರಿ, ಆದರೆ ಎರಡನೇ ಮಹಡಿಗಿಂತ ಮೇಲೆ ಬೇಡ. ಯಾವುದನ್ನೇ ಕೊಳ್ಳಿ, ಸಹಿ ಹಾಕುವ ಮೊದಲು ಕಟ್ಟಡದ ಮಾಲೀಕರ ಸಂಘದ ಲೆಕ್ಕದ ವರದಿ ಕೇಳಿ ಪಡೆಯಿರಿ. ನಿಧಿಯಲ್ಲಿ ಎಷ್ಟಿದೆ, ಬಾಕಿ ಎಷ್ಟಿದೆ ಎಲ್ಲ ಅದರಲ್ಲಿರುತ್ತದೆ. ಹಳೇ ಮಾಲೀಕ ಕಟ್ಟದೆ ಬಿಟ್ಟ ಬಾಕಿ ಕಾನೂನಿನ ಪ್ರಕಾರ ನಿಮ್ಮ ತಲೆಗೇ ಬರುತ್ತದೆ. ಕಾಶಿವಾ ಕೊಳ್ಳುವಾಗ ನಾನು ಆ ವರದಿಯ ಬಾಕಿ ಕಾಲಮ್ಮು ನೋಡಿದೆ, ಪಾರ್ಕಿಂಗ್ ಪುಟ ಓದದೆ ತಿರುವಿ ಹಾಕಿದೆ.

ಕಾಶಿವಾದಲ್ಲಿ ನಿಧಿ ಏರಿಸಿದ ಸಂಘದ ಆ ಸಭೆಯಲ್ಲಿ ನಾನೂ ಕೂತಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಕ್ಯಾಲ್ಕುಲೇಟರ್ ಒತ್ತಿ, ತಮ್ಮ ಪೆನ್ಷನ್‌ನಿಂದ ಕಳೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೈ ಎತ್ತಿದರು. ನಾನೂ ಎತ್ತಿದೆ.