ಹೊಗಳಿಕೆಗೆ ತಕ್ಕ ರುಚಿಯಿಲ್ಲದ ಚೀನೀ ಊಟ

ಕಾರವಾರದ ಚೀನೀ ಹೋಟೆಲೊಂದನ್ನು ಪರಿಚಿತರು ಒಬ್ಬರಾದ ಮೇಲೊಬ್ಬರು ಹೊಗಳಿದ್ದರಿಂದ, ಕಳೆದ ಶನಿವಾರ ರಾತ್ರಿ ಮನೆಯವರೆಲ್ಲ ಅಲ್ಲಿಗೆ ಊಟಕ್ಕೆ ಹೋಗಿದ್ದೆವು. ಮುಕ್ಕಾಲು ಗಂಟೆ ಕಾದ ಮೇಲೆ ಬಂದ ಹಾಟ್ ಆ್ಯಂಡ್ ಸೋರ್ ಸೂಪಿನಲ್ಲಿ ಹುಳಿಯೂ ಇರಲಿಲ್ಲ, ಖಾರವೂ ಇರಲಿಲ್ಲ. ಕಾರ್ನ್‌ಫ್ಲೋರ್ ಮಾತ್ರ ಗಂಜಿಯಂತೆ ಗಟ್ಟಿಯಾಗಿತ್ತು. ಫ್ರೈಡ್ ರೈಸ್‌ಗೆ ಆರಿದ ಅನ್ನ, ದೊಡ್ಡ ಉರಿ ಎರಡೂ ಬೇಕು. ಇಲ್ಲಿ ಬಿಸಿ ಅನ್ನವನ್ನೇ ಸಣ್ಣ ಉರಿಯಲ್ಲಿ ಕಲಸಿದ್ದರೋ ಏನೋ, ಅಗುಳುಗಳು ಮುದ್ದೆಗಟ್ಟಿ, ಸೋಯಾ ಸಾಸಿನ ಉಪ್ಪೊಂದೇ ನಾಲಿಗೆಗೆ ತಾಗುತ್ತಿತ್ತು.

ಎಲ್ಲಕ್ಕಿಂತ ಬೇಸರ ತಂದದ್ದು ಸಿಗಡಿ. ಬೈತಖೋಲ ಬಂದರಿನಲ್ಲಿ ತಾಜಾ ಮೀನು ಇಳಿಯುವ ಊರಿನಲ್ಲಿ, ಫ್ರೀಜರ್ ವಾಸನೆಯ, ರಬ್ಬರಿನಂತೆ ಜಗಿಯಬೇಕಾದ ಸಿಗಡಿಯನ್ನು ಬಡಿಸಲು ವಿಶೇಷ ಪ್ರತಿಭೆಯೇ ಬೇಕು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ; ಇಲ್ಲಿನ ಗೋಬಿಯಲ್ಲಿ ಆ ಕಡುಗೆಂಪು ಕಾಣಲಿಲ್ಲ, ಗರಿಗರಿಯಾಗಿಯೂ ಇತ್ತು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಬಡಿಸಿದ ಹುಡುಗ ವಿನಯವಂತ.

ನಾಲ್ವರಿಗೆ 1,640 ರೂಪಾಯಿ ತೆತ್ತು ಹೊರಬಂದಾಗ, ಮನೆಯಲ್ಲಿ ಮಧ್ಯಾಹ್ನದ ಬಂಗಡೆ ಸಾರು ಉಳಿದಿರುವುದು ನೆನಪಾಗಿ, ಹೋದೊಡನೆ ಅನ್ನಕ್ಕಿಡೋಣವೇ ಎಂದು ಮಗಳು ಕೇಳಿದಳು.